ಚಾವಡಿಯ ಮೊದಲ ವಾಯಿದೆ

ನಮ್ಮೂರಿನ ಪ್ರತಿ ಮನೆಯಲ್ಲೂ ಹೊಸ್ತಿಲು ದಾಟಿದ ಕೂಡಲೇ ಒಂದು ಗೋಣಿತಟ್ಟು ಹಾಸಿರುತ್ತದೆ. ನೆಂಟರನ್ನು ಅದರ ಮೇಲೆ ನಿಲ್ಲಿಸಿಕೊಂಡೇ "ಊಟಕ್ಕೇಳಿ" ಅನ್ನುವುದು ಮರ್ಯಾದೆ. ಬಿಸಿಲಲ್ಲಿ ಹಸಿದು ಬಂದವರೂ "ಅಯ್ಯೋ, ಈಗ ತಾನೇ ಆಯ್ತು ಕಣವ್ವಾ" ಅನ್ನುತ್ತಾರೆ. ಅವರ ಅಂಗಾಲು ಒದ್ದೆಯಾಗುತ್ತದೆ, ಗೋಣಿ ಅದನ್ನು ಹೀರಿಕೊಳ್ಳುತ್ತದೆ, ಮನೆಯವರು ಕೆಳಗೆ ನೋಡದೆ ಒಳಗೆ ಹೋಗಿ ತಟ್ಟೆ ಹಾಕುತ್ತಾರೆ. ಸುಳ್ಳಾಡಿದ ಕಾಲು ಎಷ್ಟು ಒರೆಸಿದರೂ ಮರುದಿನ ಹೊತ್ತು ಹುಟ್ಟುವ ತನಕ ಒಣಗದು. ಅದಕ್ಕೇ ನಮ್ಮಲ್ಲಿ ಹೆಣ್ಣು ಕೇಳುವ ಮಾತು, ದನದ ವ್ಯಾಪಾರ, ಪಾಲು ಪಂಚಾಯಿತಿ ಎಲ್ಲ ಬೆಳಗ್ಗೆ ಬೆಳಗ್ಗೆಯೇ, ಯಾರೂ ಯಾರಿಗೂ ಉಪಚಾರದ ಮಾತಾಡಿ ಕಾಲು ಕೆಡಿಸಿಕೊಳ್ಳುವ ಮುಂಚೆ. ಆಸ್ಪತ್ರೆಯ ಕಾಂಪೌಂಡರ್ ಯಾವಾಗಲೂ ಬೂಟು ಹಾಕಿರುತ್ತಾನೆ. ಅವನು ಬೂಟು ಕಳಚಿಟ್ಟು ಬರಿಗಾಲಲ್ಲಿ ನಿಂತು "ಏನೂ ಆಗಲ್ಲ, ವಾಸಿಯಾಗುತ್ತೆ" ಅಂದರೆ ಮಾತ್ರ ರೋಗಿಯ ಮನೆಯವರು ಅಳು ನಿಲ್ಲಿಸುತ್ತಾರೆ.

ಇಂಥ ಊರಲ್ಲಿ ನ್ಯಾಯ ಹೇಳುವುದಕ್ಕೆ ಓದು ಬೇಕು ಅಂತ ಯಾರಿಗೆ ತಾನೆ ಅನಿಸೀತು? ಚಾವಡಿಯಲ್ಲಿ ಕೆಂಪು ಗಾರೆಯ ನೆಲ ಇದೆ. ಸೋಮವಾರ ಬೆಳಗ್ಗೆ ಅದನ್ನು ಗುಡಿಸಿ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಅಪವಾದ ಹೊತ್ತವರು ಬರಿಗಾಲಲ್ಲಿ ಬಂದು ನಿಲ್ಲಬೇಕು. ನೆಲ ನೋಡುವವರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಒಣಗಿದ್ದರೆ ಮನೆಗೆ, ಒದ್ದೆಯಾದರೆ ತಪ್ಪಿತಸ್ಥರು. ಸುಮ್ಮನೆ ನಿಂತರೂ ಒದ್ದೆ ಅಂತಲೇ ಲೆಕ್ಕ. "ನೆಲ ಹೇಳಿತು" ಅನ್ನುವ ಮಾತು ನೆಲ ನೋಡುವವರ ಬಾಯಿಂದ ಬಂದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಈ ಕೆಲಸ ಮನೆ ಸರದಿಯಲ್ಲಿ ಬರುತ್ತದೆ, ಯುಗಾದಿಯಿಂದ ಯುಗಾದಿಗೆ. ಕಮ್ಮಾರರ ಮನೆಯವರು ನೋಡಿದ್ದಾರೆ, ಹೂವಾಡಗಿತ್ತಿ ನೋಡಿದ್ದಾಳೆ. ಕಣ್ಣು ಮಂಜಾಗಿದ್ದ ಕೆಂಚಯ್ಯನ ಸರದಿ ಬಂದಾಗ ಆತ ಕೂತಲ್ಲಿಂದಲೇ ಬಗ್ಗಿ ಅಂಗೈಯಿಂದ ನೆಲ ಸವರಿ ತೀರ್ಪು ಕೊಡುತ್ತಿದ್ದ. ಆ ವರ್ಷವೂ ಊರು ನಡೆಯಿತು.

ನನ್ನ ಮನೆಯ ಸರದಿ ಬಂದದ್ದು ನಾನು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. "ಚೆನ್ನಾಜಮ್ಮನ ಕಣ್ಣು ಈಗ ಹೊಸದು, ಇರುವೆ ಬೆವತರೂ ಕಾಣ್ತದೆ" ಅಂತ ಜನ ನಕ್ಕರು. ಮಕ್ಕಳ ಮದುವೆಯಾದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಈಗಲೂ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತೇನೆ, ಸಾಲಿನ ಕೊನೆ ಮುಟ್ಟುವ ಮುಂಚೆ ಅರ್ಥ ಹೇಳುವ ಅಭ್ಯಾಸ ನನಗಿಲ್ಲ. ಅದೊಂದು ಗುಣ ಅಂತ ಆಗ ನನಗೆ ಗೊತ್ತಿರಲಿಲ್ಲ. ನೆಲ ನೋಡುವುದಕ್ಕೆ ಅಕ್ಷರವೂ ಬೇಡ, ಸಾಲೂ ಬೇಡ ಅಂದುಕೊಂಡೇ ಹೋಗಿ ಕೂತೆ.

ಅದೇ ವರ್ಷ ಸುಗುಣಮ್ಮ ನಮ್ಮೂರಿಗೆ ಬಂದಳು. ಅವಳ ಗಂಡ ದೇವಪುತ್ರಪ್ಪನಿಗೆ ನಮ್ಮ ಕರೆಂಟ್ ಆಫೀಸಿಗೆ ವರ್ಗವಾಗಿತ್ತು. ಅವಳು ಲಾ ಓದಿ, ಕರಿಕೋಟು ಹಾಕಿಕೊಂಡು ದೊಡ್ಡ ಕೋರ್ಟಿನಲ್ಲಿ ವಾದ ಮಾಡಿದವಳು. ಸುದ್ದಿ ಕೇಳಿ ನಮ್ಮವರು, "ಲಾಯರು ಬಂದರೆ ಒಳ್ಳೇದೇ ಆಯ್ತು ಬಿಡು, ಆಯಮ್ಮ ದಿನಾ ಎರಡು ಸಲ ಬೀದಿಲಿ ಓಡಾಡಿದರೆ ಧೂಳು ಏಳಲ್ಲ" ಅಂದರು. ಅವಳಿಗೆ ಅದು ಗೊತ್ತಾಗಿ ತಾನೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಬಂದ ಹೊಸತರಲ್ಲಿ ಅವಳ ಕಾಲು ಸದಾ ಒದ್ದೆಯೇ, ವಾದ ಮಾಡಿ ಅಲ್ಲ, ನಮ್ಮ ಮನೆಗಳ ಉಪ್ಪಿಟ್ಟು ಹೊಗಳಿ.

ಅವಳು ಸೋಮವಾರ ಸೋಮವಾರ ಚಾವಡಿಗೆ ಬಂದು ಹಿಂದಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಒಂದು ದಿನ ಎಲ್ಲ ಎದ್ದುಹೋದ ಮೇಲೆ ನನ್ನ ಪಕ್ಕ ಬಂದು, "ಚೆನ್ನಾಜಮ್ಮ, ನೀವು ಎರಡನೇ ಪ್ರಶ್ನೆ ಯಾವತ್ತೂ ಕೇಳೋದೇ ಇಲ್ವಾ?" ಅಂದಳು.

"ಒದ್ದೆಯಾದ ಮೇಲೆ ಏನು ಕೇಳೋದು ತಾಯಿ? ಒಣಗಿದ್ದ ಮೇಲೂ ಏನು ಕೇಳೋದು?"

ಅವಳು ಏನೋ ಹೇಳಬೇಕು ಅಂತ ಬಾಯಿ ತೆರೆದು, ತನ್ನ ಕಾಲು ನೋಡಿಕೊಂಡು, ಸುಮ್ಮನೆ ನಕ್ಕು ಹೋದಳು. ನನಗೆ ಆ ನಗು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಉಳಿಯಿತು.

ಆಮೇಲೆ ಬಿತ್ತನೆ ರಾಗಿಯ ಸಂಗತಿ ಬಂತು. ನಮ್ಮೂರ ಬೀಜವೆಲ್ಲ ಒಂದೇ ಹಗೇವಿನಲ್ಲಿ ಇರುತ್ತದೆ. ಹಗೇವು ಅಂದರೆ ನೆಲದೊಳಗಿನ ಕಣಜ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಅದನ್ನು ಕಾಯುವವಳು ಶಿವನಂಜಿ. ಅವಳ ತಾಯಿಯೂ ಅದನ್ನೇ ಕಾಯ್ದವಳು. ಮೋಡ ಕಟ್ಟಿದರೆ ಕಾಯುವವಳು ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಸುತ್ತ ಜೇಡಿಮಣ್ಣು ಮೆತ್ತಿ, ಮಳೆ ನಿಲ್ಲುವ ತನಕ ಅಲ್ಲೇ ಇರಬೇಕು. ಅದು ಅವಳ ಕೆಲಸ. ಆ ವರ್ಷ ಅಕಾಲದಲ್ಲಿ ಒಂದು ದೊಡ್ಡ ಮಳೆ ಹೊಡೆಯಿತು. ಕೆಲವು ದಿನ ಬಿಟ್ಟು ಬಿತ್ತನೆಗೆ ಅಂತ ಬಾಯಿ ತೆಗೆದರೆ ಒಳಗಿಂದ ಹುಳಿ ವಾಸನೆ. ರಾಗಿ ಮೊಳೆತು, ಬಿಳಿ ಬೇರು ಬಿಟ್ಟು, ಹೆಪ್ಪುಗಟ್ಟಿದ ಮೊಸರಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು.

ಬೀಜ ಕೆಡಿಸಿದವರಿಗೆ ನಮ್ಮಲ್ಲಿ ಒಂದೇ ಶಿಕ್ಷೆ. ಆವತ್ತು ಹೊತ್ತು ಮುಳುಗುವುದರೊಳಗೆ ಮನೆಮಂದಿಯ ಸಮೇತ ಊರು ಬಿಡಬೇಕು. ಕೇಳುವುದಕ್ಕೆ ಸಣ್ಣದು ಅನಿಸಬಹುದು. ಹೊರಗಿನ ಊರುಗಳಲ್ಲಿ ಯಾರು ಏನು ಹೇಳಿದರೂ ಕಾಲು ಒಣಗೇ ಇರುತ್ತದಂತೆ. ನಮ್ಮಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲಿ ಯಾವ ಮಾತು ನಂಬಬೇಕು, ಯಾವುದು ಬಿಡಬೇಕು ತಿಳಿಯದು. ಹೋದವರೆಲ್ಲ ಮೊದಲು ಸಿಕ್ಕವನನ್ನೇ ನಂಬಿ ಉಟ್ಟ ಬಟ್ಟೆಯಲ್ಲಿ ಉಳಿದಿದ್ದಾರೆ. ಶಿವನಂಜಿಯ ಮನೆಯಲ್ಲಿ ಮಂಡಿ ಬಿದ್ದುಹೋದ ಅತ್ತೆ, ಎದೆಯೆತ್ತರಕ್ಕೆ ಬೆಳೆದ ಮಗಳು. ಅತ್ತೆಯನ್ನು ಹೊತ್ತುಕೊಂಡೇ ಹೋಗಬೇಕಾಗಿತ್ತು.

ಆ ಸೋಮವಾರ ಚಾವಡಿಯಲ್ಲಿ ಉಸಿರಾಡುವುದಕ್ಕೂ ಜಾಗ ಇರಲಿಲ್ಲ. ರೈತರ ಪರವಾಗಿ ಗುರುಮಲ್ಲಣ್ಣ ಎದ್ದು ನಿಂತ. ಆತ ನನಗಿಂತ ಮೊದಲು ನೆಲ ನೋಡಿದವನು, ಒರಟ, ಆದರೆ ಅವನ ಮನೆಯ ಹೊಸ್ತಿಲ ಗೋಣಿ ಊರಲ್ಲೇ ಹೊಸದು, ಅಂದರೆ ಅಷ್ಟು ಕಡಿಮೆ ಒದ್ದೆಯಾದದ್ದು. "ಜಾಸ್ತಿ ಮಾತು ಬೇಡ. ಮಳೆ ಬಂದಾಗ ಹಗೇವಿನ ಹತ್ತಿರ ಇದ್ದಳಾ ಇಲ್ವಾ, ಅಷ್ಟು ಕೇಳು ಚೆನ್ನಾಜಕ್ಕ" ಅಂದ.

ನಾನು ಕೇಳಿದೆ. "ಶಿವನಂಜಿ, ಮಳೆ ಸುರಿಯುವಾಗ ಎಲ್ಲಿದ್ದೆ?"

ಅವಳು ನನ್ನ ಮುಖ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಹಗೇವಿನ ಹತ್ರಾನೇ ಇದ್ದೆ" ಅಂದಳು.

ಅವಳ ಎರಡೂ ಪಾದದ ಸುತ್ತ ಗಾರೆಯ ಕೆಂಪು ಕಡುವಾಯಿತು. ಹಿಂದೆ ನಿಂತವರಿಗೂ ಕಾಣುವಷ್ಟು. ಯಾರೂ ಕೂಗಲಿಲ್ಲ. ಒಬ್ಬ ಹೆಂಗಸು "ಅಯ್ಯೋ ಪಾಪಿ" ಅಂದದ್ದು ಮಾತ್ರ ಕೇಳಿಸಿತು. ನಾನು "ನೆಲ ಹೇಳಿತು" ಅನ್ನಬೇಕಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಸ್ಪಷ್ಟವಾಗಿಯೇ ಇತ್ತು. ಆದರೂ ನನಗೆ ಸಾಲು ಮುಗಿದ ಹಾಗೆ ಅನಿಸಲಿಲ್ಲ. ಬೆರಳು ಇನ್ನೂ ಅರ್ಧದಲ್ಲೇ ಇದೆ ಅನ್ನಿಸಿತು. ಆಗ ಕಂಬದ ಹತ್ತಿರ ಸುಗುಣಮ್ಮ ಎದ್ದಳು.

"ಒಂದು ಮಾತು ಕೇಳಬಹುದಾ?" ಅಂದಳು. "ಅವಳು ಅಲ್ಲಿರಲಿಲ್ಲ ಅಂತ ನೆಲ ಹೇಳ್ತು. ಒಪ್ಪಿದೆ. ಬೀಜ ಕೆಡಿಸಿದ್ದು ಅವಳೇ ಅಂತ ಎಲ್ಲಿ ಹೇಳ್ತು?"

ಗುರುಮಲ್ಲಣ್ಣ ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದ. "ಲಾಯರಮ್ಮ, ಒದ್ದೆಯಾಯ್ತಲ್ಲ."

"ಸುಳ್ಳು ಹೇಳಿದ್ದಕ್ಕೆ ಒದ್ದೆಯಾಯ್ತು. ಯಾವ ಸುಳ್ಳಿಗೋ ಅಷ್ಟಕ್ಕೇ ಒದ್ದೆ. ನೀವೆಲ್ಲ ಹುಟ್ಟಿದಾಗಿಂದ ಈ ಊರಲ್ಲಿರೋರು. ಕಾಲು ಒದ್ದೆಯಾಗುತ್ತೆ ಅಂತ ಗೊತ್ತಿದ್ದೂ, ಊರು ಬಿಡಬೇಕಾಗುತ್ತೆ ಅಂತ ಗೊತ್ತಿದ್ದೂ ಒಬ್ಬಳು ಸುಳ್ಳು ಹೇಳಿದಾಳೆ. ಅವಳು ಮುಚ್ಚಿಟ್ಟಿರೋ ನಿಜ ಅವಳಿಗೆ ಊರಿಗಿಂತ ದೊಡ್ಡದು ಅಂತಾಯ್ತು. ಅದು ಬೀಜದ ವಿಷಯವೇ ಅಂತ ನಮಗೆ ಯಾರು ಹೇಳಿದರು?"

"ಹಾಗಾದರೆ ಬೀಜದ ವಿಷಯಾನೇ ಕೇಳಿಬಿಡೋಣ" ಅಂದ ಒಬ್ಬ.

"ಕಾಲು ಆಗಲೇ ಒದ್ದೆಯಾಗಿದೆ, ಇವತ್ತು ಕೇಳಿ ಏನು ತಿಳಿಯುತ್ತೆ?" ಅಂದಳು ಸುಗುಣಮ್ಮ. ಆಮೇಲೆ ನನ್ನ ಕಡೆ ತಿರುಗಿ, ಕೋರ್ಟಿನಲ್ಲಿ ನಿಲ್ಲುತ್ತಿದ್ದ ಹಾಗೆ ನೇರ ನಿಂತು, "ವಾಯಿದೆ ಕೊಡಿ" ಅಂದಳು.

ಚಾವಡಿ ಬಿದ್ದು ಬಿದ್ದು ನಕ್ಕಿತು. ಹೊರಗಿನ ಕೋರ್ಟುಗಳ ವಿಷಯ ನಮಗೆ ಏನೂ ಗೊತ್ತಿಲ್ಲದಿದ್ದರೂ ವಾಯಿದೆ ಅನ್ನುವುದು ಗೊತ್ತಿತ್ತು. ಅಪ್ಪ ಹಾಕಿದ ದಾವೆಯ ತೀರ್ಪನ್ನು ಮೊಮ್ಮಗ ಕೇಳುತ್ತಾನಂತೆ, ಅಂತ ನಗುತ್ತಿದ್ದ ಊರು ನಮ್ಮದು. "ಬಂತು ನೋಡು ಲಾಯರ ಬುದ್ಧಿ. ರಾಗಿ ಮೊಳೆತದ್ದು ಸಾಲದು, ಇನ್ನು ತೆನೆ ಬಿಡೋ ತನಕ ವಾಯಿದೆ" ಅಂತ ಯಾರೋ ಅಂದರು. ಶಿವನಂಜಿ ಮಾತ್ರ ನಗಲಿಲ್ಲ. ಮೊದಲ ಸಲ ನನ್ನ ಮುಖ ನೋಡಿದಳು.

"ನಾಡಿದ್ದು ಬೆಳಗ್ಗೆ ಮತ್ತೆ ಸೇರೋಣ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಆ ನೆಲದ ಮೇಲೆ ಅಲ್ಲಿಯತನಕ ಯಾರೂ ಯಾವುದನ್ನೂ ಮುಂದಕ್ಕೆ ಹಾಕಿರಲಿಲ್ಲ.

ಮಧ್ಯಾಹ್ನ ಗುರುಮಲ್ಲಣ್ಣ ಮನೆಗೆ ಬಂದ. ಗೋಣಿಯ ಮೇಲೆ ನಿಲ್ಲದೆ ಬೇಕಂತಲೇ ಬರಿನೆಲಕ್ಕೆ ಬಂದು ಕೂತ. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳೋಕೆ ಬಂದಿಲ್ಲ ಅಕ್ಕ, ಸಿಟ್ಟಿದೆ. ಬಿತ್ತೋ ಹದ ಹೋಗ್ತಾ ಇದೆ. ಆದರೆ ಅದಲ್ಲ ನನ್ನ ಹೆದರಿಕೆ. ಕೂಲಿಯವನಿಗೂ ಜಮೀನುದಾರನಿಗೂ ನಮ್ಮ ನೆಲ ಒಂದೇ. ಇಲ್ಲಿ ನ್ಯಾಯಕ್ಕೆ ಯಾರ ಕಾಲೂ ಹಿಡಿಬೇಕಾಗಿಲ್ಲ. ನಾಳೆ ಓದಿದೋರು ಬಂದು ಕೂತರೆ, ಒದ್ದೆಗೆ ಹತ್ತು ಹೆಸರು ಇಟ್ಟು, ಅವರಿಗೆ ಮಾತ್ರ ಅರ್ಥ ಆಗೋ ಹಾಗೆ ಮಾಡಿಡ್ತಾರೆ. ಆಮೇಲೆ ನಾನೂ ನೀನೂ ಚಾವಡಿ ಹೊರಗೆ ಕೈಕಟ್ಟಿ ನಿಲ್ಲಬೇಕು."

ಅವನ ಮಾತು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಅವನು ಎದ್ದ ಜಾಗ ಒಣಗಿತ್ತು. ಆ ಭಾರವನ್ನೇ ಹೊತ್ತುಕೊಂಡು ಸುಗುಣಮ್ಮನ ಮನೆಗೆ ಹೋದೆ.

ಅವಳು ರೊಟ್ಟಿ ತಟ್ಟುತ್ತಿದ್ದಳು. ಅವಳ ರೊಟ್ಟಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಗೋಣಿ ಒದ್ದೆಯಾಗುವುದು ಬೇಡ. ಗುರುಮಲ್ಲಣ್ಣನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ತಲೆಯಾಡಿಸಿದಳು. "ಅವರು ಹೇಳೋದು ನಿಜ. ಹಾಗೆ ಮಾಡೋರನ್ನ ನಾನು ಕಣ್ಣಾರೆ ಕಂಡಿದೀನಿ. ಗೋಡೆ ತುಂಬ ಡಿಗ್ರಿ, ಬಡವ ಬಾಯಿ ತೆಗೆದರೆ ಗಡಿಯಾರ ನೋಡೋರು."

"ಹಾಗಾದರೆ ನಿನ್ನ ಓದಿನಿಂದ ಏನು ಬಂತು ತಾಯಿ? ಕುಹಕ ಅಲ್ಲ, ತಿಳಿಯೋ ಆಸೆಗೆ ಕೇಳ್ತೀನಿ. ನಾನೂ ನ್ಯಾಯದ ಜಾಗದಲ್ಲಿ ಕೂತಿದೀನಿ. ನನಗೆ ಏನು ಕಮ್ಮಿ ಇದೆ?"

 ಹೆಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಬಂತು, ತಿರುವಿಹಾಕುವುದು ಅವಳಿಗೆ ನೆನಪಾಗಲಿಲ್ಲ. "ಸೆಕ್ಷನ್ನು ಗಿಕ್ಷನ್ನು ಅರ್ಧ ಮರೆತೇ ಹೋಗಿದೆ, ಬೇಕಾದರೆ ಪುಸ್ತಕ ನೋಡಬಹುದು. ಕಾಲೇಜಲ್ಲಿ ಒಬ್ಬ ಮೇಷ್ಟ್ರು ಇದ್ದರು. ಒಂದು ಕೇಸು ಹೇಳಿ, ಯಾರದು ತಪ್ಪು ಅಂತ ಕೇಳೋರು. ನಾವು ಕೈಯೆತ್ತಿ ಹೇಳಿದ ಕೂಡಲೇ, ಸರಿ, ಈಗ ನೀವು ಆ ತಪ್ಪಿತಸ್ಥನ ಕಡೆ ವಕೀಲರು, ಮಾತಾಡಿ ಅನ್ನೋರು. ಪ್ರತಿ ಸಲ. ಅಳು ಬರ್ತಿತ್ತು ನನಗೆ. ನಾನು ಕಣ್ಣಾರೆ ಕಂಡದ್ದಕ್ಕೂ, ಅದರಿಂದ ನಾನೇ ಕಟ್ಟಿಕೊಂಡದ್ದಕ್ಕೂ ನಡುವೆ ಒಂದು ಸಂದಿ ಇದೆ ಅಂತ ಗೊತ್ತಾಗೋಕೆ ವರ್ಷಗಳೇ ಹಿಡೀತು ಚೆನ್ನಾಜಮ್ಮ. ಅಷ್ಟೇ ನಾನು ಓದಿದ್ದು. ಕೆಲವರಿಗೆ ಓದದೇನೂ ಬರಬಹುದು. ಬರುತ್ತೆ ಅಂತ ನಂಬಿಕೊಂಡು ಒಬ್ಬರ ಮನೆಮಂದಿನ ಊರಾಚೆ ಕಳಿಸೋಕೆ ಆಗಲ್ಲ."

ನಾನು ಅವಳ ಪಾದ ನೋಡಿದೆ, ಇಂಥ ಮಾತಿಗೆ ನೋಡದೆ ಇರುವುದಾದರೂ ಹೇಗೆ. ಬಂದ ದಿನದಿಂದ ಸದಾ ಒದ್ದೆಯಾಗಿರುತ್ತಿದ್ದ ಆ ಕಾಲು ಅವತ್ತು ಒಲೆಯ ಬೂದಿಯಷ್ಟು ಒಣಗಿತ್ತು. ಬೆಳಗ್ಗಿನಿಂದ ಯಾರಿಗೂ ಉಪಚಾರದ ಒಂದು ಮಾತೂ ಆಡಿರಲಿಲ್ಲ ಅವಳು. ಶಿವನಂಜಿಗಾಗಿ ಕಾಲು ಕಾಪಾಡಿಕೊಂಡಿದ್ದಳು.

"ಈಗೇನು ಮಾಡೋಣ?" ಅಂದೆ.

"ಹೋಗಿ ಹಗೇವು ನೋಡೋಣ. ಯಾರಾದರೂ ಸರಿಯಾಗಿ ನೋಡಿದಾರಾ?"

ಯಾರೂ ನೋಡಿರಲಿಲ್ಲ. ಅದೇ ನಮ್ಮೂರಿನ ಸಂಗತಿ. ಚಾವಡಿಯ ನೆಲ ಒಂದಿದ್ದ ಮೇಲೆ ಬೇರೆ ಯಾವ ನೆಲವನ್ನೂ ನಾವು ನೋಡಿದವರಲ್ಲ. ಕಳ್ಳತನವಾದರೆ ಮುರಿದ ಬೀಗ ನೋಡುತ್ತಿರಲಿಲ್ಲ, ಬೆಂಕಿ ಬಿದ್ದರೆ ಬೂದಿ ಕೆದಕುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹೋದೆವು. "ನಾವಿಬ್ಬರೇ ಹೋಗಿ ಏನೋ ಮಾಡಿ ಬಂದೆವು ಅಂತ ಆಗಬಾರದು, ಎದುರುಕಡೆಯವರೂ ಇರಬೇಕು" ಅಂತ ಸುಗುಣಮ್ಮನೇ ಗುರುಮಲ್ಲಣ್ಣನನ್ನು ಕರೆಸಿದಳು. ಆತ ಗೊಣಗುತ್ತಲೇ ಬಂದ. ಹಗೇವು ಅಂದರೇನು ಅಂತ ಅವಳಿಗೆ ತಿಳಿಯದು. ಕಂಡದ್ದಕ್ಕೆಲ್ಲ "ಇದೇನು, ಅದೇನು" ಅನ್ನುತ್ತಿದ್ದಳು. ಬಾಯಿಯ ಪಕ್ಕ ಒಡೆದ ಜೇಡಿಮಣ್ಣಿನ ಹೆಂಟೆಗಳು ಬಿದ್ದಿದ್ದವು.

"ಇದೇನು?"

"ಇನ್ನೇನು, ಬಾಯಿ ಮೆತ್ತಿದ ಮಣ್ಣು. ತೆಗೆಯುವಾಗ ನಾನೇ ಗುದ್ದಲಿಲಿ ಒಡೆದು ಎಸೆದೆ" ಅಂದ ಗುರುಮಲ್ಲಣ್ಣ.

"ಗುದ್ದಲಿ ಬೇಕಾಯ್ತಾ?"

"ಕಲ್ಲಿನ ಹಾಗಿತ್ತು, ಮತ್ತೆ. ನೋಡಿ ಬೇಕಾದರೆ, ಎಷ್ಟು ದಪ್ಪ ಇದೆ. ಬೆರಳಚ್ಚು ಸಮೇತ..." ಅಂದವನು ಹೆಂಟೆಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ. ಮೆತ್ತದೆ ಬಿಟ್ಟಿದ್ದರೆ ಅವನು ಒಡೆದದ್ದು ಏನನ್ನು? ಆ ಪ್ರಶ್ನೆ ಅವನ ಮುಖದ ಮೇಲೆ ಬಂದದ್ದು ನನಗೆ ಕಾಣಿಸಿತು. ಸುಗುಣಮ್ಮನೂ ಕಂಡಳು, ಆದರೆ ಬಾಯಿ ಬಿಡಲಿಲ್ಲ. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಅವಳ ಮಾತಿಗಿಂತ ಆ ಮೌನಕ್ಕೆ.

"ಹಾಗಾದರೆ ನೀರು ಎಲ್ಲಿಂದ ಬಂತು?" ಅಂತ ಗುರುಮಲ್ಲಣ್ಣ ತನಗೆ ತಾನೇ ಕೇಳಿಕೊಂಡ. ಹಗೇವಿನೊಳಗೆ ಕೆಟ್ಟ ಗಾಳಿ ಇದ್ದರೆ ಇಳಿದವರು ಬದುಕುವುದಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿ, ಪಂಚೆ ಎತ್ತಿ ಕಟ್ಟಿ ಆತನೇ ಇಳಿದ. ಒಳಗಿಂದ ತಟ್ಟುವ, ಕೆರೆಯುವ ಸದ್ದು ಬರುತ್ತಿತ್ತು. ಮೇಲೆ ಬಂದಾಗ ಮೈಯೆಲ್ಲ ಕೆಸರು, ತೋಳಿಗೆ ಮೊಳೆತ ರಾಗಿ ಅಂಟಿತ್ತು.

"ಹೆಗ್ಗಣ" ಅಂದ. "ಬಡಗಣ ಗೋಡೆಲಿ ಬಿಲ. ನನ್ನ ತೋಳು ಪೂರ್ತಿ ಹೋಯ್ತು. ಹೊಸದಾಗಿ ತೋಡಿದೀವಲ್ಲ ಬದುವಿನ ಕಾಲುವೆ, ಅದರ ತಳಕ್ಕೆ ಹೋಗಿ ಸೇರ್ತದೆ. ಕಾಲುವೆ ತುಂಬಿದಾಗ ನೀರು ಒಳಗೇ ಹರಿದದೆ."

"ಕಾವಲಿಗೆ ಮೇಲೆ ಕೂತವರಿಗೆ ಅದು ಗೊತ್ತಾಗುತ್ತಿತ್ತಾ?" ಅಂತ ಸುಗುಣಮ್ಮ ಕೇಳಿದಳು.

ಅವನು "ಆಗ್ತಿತ್ತು" ಅಂದಿದ್ದರೆ ಅಲ್ಲಿ ಹಸಿ ನೆಲದ ಮೇಲೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅವನ ಬೀಜ ಹೋಗಿತ್ತು, ಅವನ ಮಾತು ಸೋಲುತ್ತಿತ್ತು. ಕೈ ತೊಳೆದುಕೊಳ್ಳುತ್ತಾ, "ಇಲ್ಲ. ನಾನೇ ಕೂತಿದ್ದರೂ ಗೊತ್ತಾಗ್ತಿರಲಿಲ್ಲ" ಅಂದ.

ವಾಯಿದೆಯ ದಿನ ಬಂತು. ಚಾವಡಿಯ ನೆಲ ಒರೆಸಿಯಾಗಿತ್ತು, ಶಿವನಂಜಿಯ ಕಾಲು ಒಣಗಿತ್ತು. ಪ್ರಶ್ನೆ ಕೇಳುವುದನ್ನು ನಾನು ಸುಗುಣಮ್ಮನಿಗೆ ಬಿಟ್ಟೆ. ಅದು ತಪ್ಪಾಯಿತು. ಅವಳು "ಸದರಿ ದಿನದಂದು, ಮಳೆ ಆರಂಭವಾಗುವುದಕ್ಕೆ ಪೂರ್ವದಲ್ಲಿ, ನಿನ್ನ ಕರ್ತವ್ಯದ ಪ್ರಕಾರ, ಸದರಿ ಹಗೇವಿನ ಮುಚ್ಚಳವನ್ನು ಭದ್ರಪಡಿಸಿದ್ದೆ ಎಂಬುದು ಸರಿಯೇ" ಅಂತ ಒಂದೇ ಉಸಿರಲ್ಲಿ ಕೇಳಿದಳು. ಶಿವನಂಜಿ ಕಣ್ಣು ಪಿಳಿಪಿಳಿ ಬಿಟ್ಟಳು. ಗುರುಮಲ್ಲಣ್ಣ "ನೋಡು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ನನ್ನ ಕಡೆ ಹುಬ್ಬೇರಿಸಿದ. ಸುಗುಣಮ್ಮ ನಾಚಿ ಹಿಂದೆ ಸರಿದಳು.

ನಾನೇ ಕೇಳಿದೆ. "ಮಳೆಗೆ ಮುಂಚೆ ಬಾಯಿ ಮೆತ್ತಿದೆಯೇನೇ?"

"ಮೆತ್ತಿದೆ ಕಣತ್ತೆ. ಎರಡು ಸುತ್ತು ಮೆತ್ತಿದೆ."

ನೆಲ ಒಣಗಿತ್ತು.

"ಮಳೆ ಬಂದಾಗ ಅಲ್ಲಿದ್ದೆಯಾ?"

"ಇರಲಿಲ್ಲ."

ನೆಲ ಒಣಗೇ ಇತ್ತು. ಜನ ಉಸಿರು ಬಿಟ್ಟದ್ದು ಕೇಳಿಸಿತು. ಕೂಡಲೇ ಹಿಂದಿನಿಂದ ಒಂದು ದನಿ, "ಮತ್ತೆ ಎಲ್ಲಿದ್ದಳು? ಅದನ್ನ ಕೇಳಿ." ಇನ್ನೊಂದು ದನಿ, "ಹೌದು, ಎಲ್ಲಿ ಹೋಗಿದ್ದಳಂತೆ?" ಇಡೀ ಚಾವಡಿ ಮುಂದಕ್ಕೆ ಬಾಗಿತು. ಶಿವನಂಜಿಯ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡುತ್ತಿತ್ತು. ಅವಳು ಮತ್ತೆ ಸುಳ್ಳು ಹೇಳುತ್ತಾಳೆ, ಇನ್ನೊಂದು ಗಳಿಗೆಯಲ್ಲಿ ಹೇಳುತ್ತಾಳೆ ಅಂತ ನನಗೆ ಗೊತ್ತಾಯಿತು. ಸುಗುಣಮ್ಮನ ಕಡೆ ನೋಡಿದೆ. ಅವಳು ಕೂತಲ್ಲಿಂದಲೇ, ಈ ಸಲ ಸಣ್ಣ ಮಾತಲ್ಲಿ, "ಬೀಜಕ್ಕೆ ಸಂಬಂಧ ಇದೆಯಾ?" ಅಂದಳು. ಅಷ್ಟೇ.

ನಾನು ಹೇಳಿದೆ. "ಅದು ಬೇಡ. ಶಿವನಂಜಿ, ಅದಕ್ಕೆ ನೀನು ಬಾಯಿ ಬಿಡಬೇಕಾಗಿಲ್ಲ. ಸುಮ್ಮನಿದ್ದರೆ ಒದ್ದೆ ಅನ್ನೋ ಲೆಕ್ಕ ಇವತ್ತಿಗೆ ಬಿಟ್ಟೆ." ಗದ್ದಲವಾಯಿತು. ಗುರುಮಲ್ಲಣ್ಣ ಎದ್ದು ನಿಂತು ಗದ್ದಲ ಅಡಗಿಸಿ, ತಾನು ಹಗೇವಿನಲ್ಲಿ ಕಂಡದ್ದನ್ನು ಬರಿಗಾಲಲ್ಲಿ ಗಾರೆಯ ಮೇಲೆ ನಿಂತು ಹೇಳಿದ. ಯಾರೂ ಅವನ ಕಾಲು ನೋಡಲಿಲ್ಲ, ಬೇಕಾಗಿರಲಿಲ್ಲ. "ಹೆಗ್ಗಣನ ತಂದು ನಿಲ್ಲಿಸು, ನೆಲ ನೋಡೋಣ" ಅಂತ ಯಾರೋ ಅಂದರು. ಆಗ ಬಂದ ನಗು ಬೇರೆ ಥರದ್ದು.

ತೀರ್ಪು ಹೇಳುವಾಗ "ನೆಲ ಹೇಳಿತು" ಅನ್ನಲಿಲ್ಲ ನಾನು. "ನಾನು ಹೇಳ್ತೀನಿ" ಅಂದೆ. "ಇವಳು ತಪ್ಪು ಮಾಡಿದಾಳೆ. ಕಾವಲು ಬಿಟ್ಟು ಹೋದಳು, ಆಮೇಲೆ ಇದ್ದೆ ಅಂತ ಸುಳ್ಳು ಹೇಳಿದಳು. ಆದರೆ ನೀವು ಹೊರಿಸಿದ ತಪ್ಪು ಇದಲ್ಲ. ಬಾಯಿ ಮೆತ್ತಿತ್ತು, ನೀರು ಬಂದದ್ದು ಬಿಲದಿಂದ, ಬಿಲಕ್ಕೆ ನೀರು ಬಂದದ್ದು ನಾವೇ ತೋಡಿದ ಕಾಲುವೆಯಿಂದ. ಅವಳು ಅಲ್ಲಿದ್ದರೂ ರಾಗಿ ಉಳಿತಿರಲಿಲ್ಲ. ಊರು ಬಿಡೋದು ಬೇಡ. ಕಾವಲು ಬಿಟ್ಟದ್ದಕ್ಕೆ, ಸುತ್ತಣ ಹಳ್ಳಿಗಳಿಗೆ ಹೋಗಿ ಕಡವಾಗಿ ಬೀಜ ತರೋ ಕೆಲಸ ಅವಳದ್ದು. ಹೊರಗಿನೋರು ಒಳ್ಳೇದು ಅಂತ ಕೊಟ್ಟ ಬೀಜ ಒಳ್ಳೇದೋ ಕೆಟ್ಟದ್ದೋ ನೋಡೋಕೆ ಗುರುಮಲ್ಲಣ್ಣ ಜೊತೆಗೆ ಹೋಗಲಿ." ಯಾಕೆ ಅಂತ ಕಾರಣ ಹೇಳಿ ಕೊಟ್ಟ ತೀರ್ಪನ್ನು ನಮ್ಮ ಜನ ಕೇಳಿದ್ದು ಅದೇ ಮೊದಲು. ಒಪ್ಪದವರೂ ಇದ್ದರು. ಆದರೆ ಏನನ್ನು ಒಪ್ಪುವುದಿಲ್ಲ ಅಂತ ಅವರಿಗೆ ಹೇಳಲು ಬರುತ್ತಿತ್ತು. ಹಿಂದೆಲ್ಲ ನೆಲದ ಜೊತೆ ಯಾರು ತಾನೆ ವಾದ ಮಾಡುತ್ತಿದ್ದರು?

ಬಿತ್ತನೆ ತಡವಾಗಿ ಆಯಿತು, ಆದರೆ ಆಯಿತು. ಆಮೇಲೆ ಒಂದು ಸೋಮವಾರ ಗುರುಮಲ್ಲಣ್ಣನೇ ಎದ್ದು, "ಇನ್ನು ಮೇಲೆ ಸರದಿ ಬೇಡ, ಲಾಯರಮ್ಮನೇ ಕೂರಲಿ" ಅಂದ. ಸುಗುಣಮ್ಮ ಒಪ್ಪಲಿಲ್ಲ. "ಶಿವನಂಜಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ, ನೀ‌ವೇ ನೋಡಿದಿರಿ. ಸರದಿ ಇರಲಿ. ಆದರೆ ಸರದಿ ಬರೋರು ಅದಕ್ಕೆ ಮೊದಲು ಒಂದು ಮಳೆಗಾಲ ನನ್ನ ಜೊತೆ ಕೂತು ಕಲೀಬೇಕು. ಕಲಿಯದೆ ಯಾರೂ ಕೂರಬಾರದು, ಯಾರೇ ಆಗಿರಲಿ" ಅಂದಳು. ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದಳು, ಮುಲಾಜು ಇರಲಿಲ್ಲ. ನನಗೆ ಬೇಜಾರೂ ಆಗಲಿಲ್ಲ. ನನ್ನ ವರ್ಷ ಇನ್ನೂ ಮುಗಿದಿರಲಿಲ್ಲ, ಮಾರನೆಯ ದಿನದಿಂದಲೇ ಹೋಗಿ ಕೂತೆ. ಅವಳು ಒಂದು ಕೇಸು ಹೇಳಿ ಯಾರದು ತಪ್ಪು ಅಂತ ಕೇಳುತ್ತಾಳೆ. ನಾನು ಹೇಳಿದ ಕೂಡಲೇ, ಸರಿ, ಈಗ ಅವನ ಪರವಾಗಿ ಮಾತಾಡಿ ಅನ್ನುತ್ತಾಳೆ. ನನಗೂ ಅಳು ಬರುತ್ತದೆ. ಆ ಹೆಣ್ಣಿನಂಥ ಗುರು ನನಗೆ ಚಿಕ್ಕಂದಿನಲ್ಲೇ ಸಿಕ್ಕಿದ್ದರೆ ಏನಾಗುತ್ತಿದ್ದೆನೋ ಅಂತ ಆಗಾಗ ಅನ್ನಿಸುತ್ತದೆ.

ರಾಗಿ ಮೊಣಕಾಲೆತ್ತರಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಶಿವನಂಜಿ ನಮ್ಮ ಮನೆಗೆ ಬಂದಳು. ಜಗಲಿಯಲ್ಲಿ ನನ್ನ ಎದುರು ಕೂತು ಅವರೆಕಾಯಿ ಸುಲಿಯುವುದಕ್ಕೆ ಕೈ ಹಾಕಿದಳು. ಸುಮಾರು ಹೊತ್ತಾದ ಮೇಲೆ, "ಅತ್ತೆ, ಅವತ್ತು ಮಳೆ ದಿನ ನಾನು ಎಲ್ಲಿಗೆ ಹೋಗಿದ್ದೆ ಅಂದ್ರೆ" ಅಂತ ಶುರುಮಾಡಿದಳು.

"ಬೇಡ" ಅಂದೆ.

"ನಿಮಗಾದರೂ ಹೇಳಬೇಕು ಅನಿಸ್ತದೆ. ನೀವು ನನ್ನ ಉಳಿಸಿದ್ರಿ."

"ತಿಳಿಯೋ ಆಸೆ ನನಗೆ ಬೇಕಾದಷ್ಟಿದೆ ಕಣೇ. ಎಷ್ಟೋ ದಿನ ನಿದ್ದೆ ಬಂದಿಲ್ಲ. ಅದು ನಿನ್ನದೋ, ಬೇರೆ ಯಾರದೋ ಗುಟ್ಟೋ, ಏನೇನೋ ಕಟ್ಟಿಕೊಂಡಿದೀನಿ ತಲೇಲಿ. ಅಷ್ಟಿದ್ದೂ ಹೇಳ್ತೀನಿ, ಬೇಡ. ನಾಳೆ ಮತ್ತೆ ಆ ನೆಲದ ಮುಂದೆ ಕೂರಬೇಕು ನಾನು. ಕೇಳಬಾರದ್ದನ್ನ ಕೇಳದೆ ಇರೋದು ನನಗೆ ಈಗೀಗ ಬರ್ತಾ ಇದೆ. ಕೆಡಿಸಬೇಡ."

ಅವಳು ಉಳಿದ ಕಾಯಿಯನ್ನೆಲ್ಲ ಸುಲಿದು, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಏರುತ್ತಿತ್ತು. ಅವಳು ತಲೆಯೆತ್ತಿ ಗಾಳಿ ಮೂಸಿದಳು, ಮಡಿಲು ಕೊಡವಿ ಎದ್ದಳು. "ಮಣ್ಣು ಕಲಸಬೇಕು, ಬತ್ತೀನಿ" ಅಂದು ಹಗೇವಿನ ಕಡೆಗೆ ಬಿರಬಿರನೆ ನಡೆದಳು. ಮಳೆ ಬಂತು. ಅದು ನಿಲ್ಲುವ ತನಕ ಅಲ್ಲಿ, ಚಪ್ಪಡಿಯ ಪಕ್ಕದಲ್ಲಿ, ತಲೆಯ ಮೇಲೆ ಗೋಣಿಯ ಗೊಪ್ಪೆ ಹಾಕಿಕೊಂಡು ಕೂತಿದ್ದ ಅವಳು ನಮ್ಮ ಜಗಲಿಗೆ ಕಾಣುತ್ತಲೇ ಇದ್ದಳು.